ಪಿತ್ತಜನಕಾಂಗಕ್ಕೆ ಬರುವ ಓಲೆಗಳು

ಮಕ್ಕಳೇ, ನಮ್ಮ ಗುಲ್ವಾಡಿಯ ಕಡೆ ಯಾರಿಗಾದರೂ ಕೊಲೆಸ್ಟ್ರಾಲ್ ಜಾಸ್ತಿ ಎಂದರೆ ಮೊದಲು ಬೈಸಿಕೊಳ್ಳುವುದು ತೆಂಗಿನಕಾಯಿ. ನಮ್ಮ ಪಕ್ಕದ ಮನೆಯ ಅಜ್ಜಿ ಮೂರು ತಿಂಗಳು ತೆಂಗಿನೆಣ್ಣೆ ಬಿಟ್ಟರು, ಪದಾರ್ಥಕ್ಕೆ ಕಾಯಿ ಅರೆಯುವುದನ್ನೂ ಕಡಿಮೆ ಮಾಡಿದರು. ಕೊಲೆಸ್ಟ್ರಾಲ್ ಮಾತ್ರ ಇಳಿಯಲಿಲ್ಲ. "ಅಜ್ಜಿ ಎಣ್ಣೆಯೇ ಮುಟ್ಟುದಿಲ್ಲ, ಮತ್ತೆ ಈ ಕೊಬ್ಬು ಎಲ್ಲಿಂದ ಬತ್ತ್ ಮಾಷ್ಟ್ರೇ?" ಎಂದು ಏಳನೇ ಕ್ಲಾಸಿನ ಮೊಮ್ಮಗ ಕೇಳಿದ. ಒಳ್ಳೆಯ ಪ್ರಶ್ನೆ.

ನಮ್ಮ ಮೈಯಲ್ಲಿರುವ ಕೊಲೆಸ್ಟ್ರಾಲಿನ ಹೆಚ್ಚಿನ ಪಾಲು ಊಟದಿಂದ ಬಂದದ್ದಲ್ಲ, ದೇಹವೇ ತಯಾರಿಸಿದ್ದು. ಲಿವರ್ ಎಂದು ಕರೆಯುವ ಪಿತ್ತಜನಕಾಂಗ ಅದರ ದೊಡ್ಡ ಕಾರ್ಖಾನೆ. ಕೊಬ್ಬು ನೀರಿನಲ್ಲಿ ಬೆರೆಯುವುದಿಲ್ಲ, ರಕ್ತವೋ ಬಹುಪಾಲು ನೀರು. ಹಾಗಾಗಿ ಪಿತ್ತಜನಕಾಂಗ ಕೊಬ್ಬನ್ನು ಪುಟ್ಟ ದೋಣಿಗಳಿಗೆ ತುಂಬಿ ಕಳಿಸುತ್ತದೆ. ಈ ದೋಣಿಯ ಹೆಸರು ಲಿಪೊಪ್ರೋಟೀನ್. ಹೊರಡುವಾಗ ಅದು ವಿಎಲ್‌ಡಿಎಲ್. ದಾರಿಯಲ್ಲಿ ಕೊಬ್ಬು ಇಳಿಸುತ್ತಾ ಹೋಗಿ ಕೊನೆಗೆ ಉಳಿಯುವುದು ಕೊಲೆಸ್ಟ್ರಾಲ್ ತುಂಬಿದ ಎಲ್‌ಡಿಎಲ್. ಅದು ಗಂಗೊಳ್ಳಿ ಬಂದರಿಗೆ ಮರಳುವ ದೋಣಿಯಂತೆ ಪಿತ್ತಜನಕಾಂಗಕ್ಕೆ ವಾಪಸು ಬರಬೇಕು. ಅಲ್ಲಿನ ಜೀವಕೋಶಗಳ ಮೇಲೆ ಅದನ್ನು ಹಿಡಿದು ಒಳಗೆ ಎಳೆದುಕೊಳ್ಳುವ ಕೊಕ್ಕೆಗಳಿವೆ. ಈ ಕೊಕ್ಕೆಗಳನ್ನು ಕಂಡುಹಿಡಿದ ಅಮೆರಿಕದ ಮೈಕೇಲ್ ಬ್ರೌನ್ ಮತ್ತು ಜೋಸೆಫ್ ಗೋಲ್ಡ್‌ಸ್ಟೀನ್ ಅವರಿಗೆ 1985ರಲ್ಲಿ ನೊಬೆಲ್ ಪ್ರಶಸ್ತಿ ಬಂತು.

ಎಷ್ಟು ದೋಣಿ ಹೊರಡಬೇಕು, ಎಷ್ಟು ಕೊಕ್ಕೆ ಇರಬೇಕು ಎಂದು ಹೇಳುವವರು ಯಾರು? ಹಾರ್ಮೋನುಗಳು. ಅವು ರಕ್ತದಲ್ಲಿ ಬರುವ ಓಲೆಗಳು.

ಉಂಡ ಮೇಲೆ ಮೇದೋಜೀರಕ ಗ್ರಂಥಿ ಇನ್ಸುಲಿನ್ ಕಳಿಸುತ್ತದೆ. "ಸಕ್ಕರೆ ಬಂದಿದೆ, ಕೂಡಿಡು" ಎಂಬುದು ಅದರ ಓಲೆ. ಮಿಕ್ಕ ಸಕ್ಕರೆಯನ್ನು ಪಿತ್ತಜನಕಾಂಗ ಕೊಬ್ಬಾಗಿ ಬದಲಾಯಿಸುತ್ತದೆ. ಎಣ್ಣೆ ಬಿಟ್ಟು ಅನ್ನ, ಬೆಲ್ಲ, ಸಿಹಿ ಚಹಾ ಹೆಚ್ಚಿಸಿದವರಲ್ಲಿ ಟ್ರೈಗ್ಲಿಸರೈಡ್ ಎಂಬ ಕೊಬ್ಬು ಏರುವುದು ಹೀಗೆ. ಏಕಾದಶಿಯ ಉಪವಾಸದ ದಿನ ಗ್ಲುಕಗಾನ್ ಎಂಬ ಓಲೆ ಬರುತ್ತದೆ. "ಕೂಡಿಟ್ಟದ್ದನ್ನು ತೆಗೆದು ಉರಿಸು" ಎನ್ನುತ್ತದೆ ಅದು.

ಮೂರನೆಯ ಓಲೆ ಕುತ್ತಿಗೆಯ ಥೈರಾಯ್ಡ್ ಗ್ರಂಥಿಯದು: "ಕೊಕ್ಕೆ ಹೆಚ್ಚಿಸು." ಈ ಓಲೆ ಕಡಿಮೆಯಾದರೆ ಕೊಕ್ಕೆಗಳೂ ಕಡಿಮೆ, ಎಲ್‌ಡಿಎಲ್ ದೋಣಿಗಳು ರಕ್ತದಲ್ಲೇ ಅಲೆಯುತ್ತವೆ. ಹೆಂಗಸರಲ್ಲಿ ಈಸ್ಟ್ರೋಜನ್ ಕೂಡ ಇದೇ ಮಾತು ಹೇಳುತ್ತದೆ. ಮುಟ್ಟು ನಿಂತ ಮೇಲೆ ಅದು ಇಳಿಯುವುದರಿಂದ ಮೊದಲಿನ ಊಟವನ್ನೇ ಉಂಡರೂ ಅನೇಕರ ಎಲ್‌ಡಿಎಲ್ ಏರುತ್ತದೆ.

ಪಕ್ಕದ ಮನೆಯ ಅಜ್ಜಿಗೆ ಆದದ್ದು ಥೈರಾಯ್ಡ್ ಕೊರತೆ. ಸುಸ್ತು, ಚಳಿ ತಡೆಯದಿರುವುದು, ಒಣ ಚರ್ಮ, ಮಲಬದ್ಧತೆ ಎಲ್ಲವನ್ನೂ ಅವರು "ವಯಸ್ಸಾಯಿತಲ್ಲ" ಎಂದು ತಳ್ಳಿಹಾಕಿದ್ದರು. ವೈದ್ಯರು ಥೈರಾಯ್ಡ್ ಪರೀಕ್ಷೆ ಬರೆದುಕೊಟ್ಟ ಮೇಲೆ ಗುಟ್ಟು ಬಯಲಾಯಿತು. ಮಾತ್ರೆ ಶುರುವಾಗಿ ಕೆಲವು ತಿಂಗಳಲ್ಲಿ ಸುಸ್ತೂ ಇಳಿಯಿತು, ಕೊಲೆಸ್ಟ್ರಾಲೂ ಇಳಿಯಿತು.

ಹಾಗೆಂದು ತೆಂಗಿನೆಣ್ಣೆ ಎಷ್ಟು ಬೇಕಾದರೂ ಆಗಬಹುದು ಎಂದಲ್ಲ. ಅದರ ಕೊಬ್ಬು ಎಲ್‌ಡಿಎಲ್ ಏರಿಸುವ ಜಾತಿಯದೇ, ಹಿತಮಿತ ಇರಲಿ. ವೈದ್ಯರು ಕೊಟ್ಟ ಮಾತ್ರೆಯನ್ನು ಅಜ್ಜ-ಅಜ್ಜಿಯರು ತಾವಾಗಿಯೇ ನಿಲ್ಲಿಸುವುದೂ ಬೇಡ. ಮಕ್ಕಳೇ, ಮನೆಯ ಹಿರಿಯರ ರಕ್ತಪರೀಕ್ಷೆಯ ಚೀಟಿಯನ್ನು ಒಮ್ಮೆ ಅವರ ಜೊತೆ ಕೂತು ಓದಿ. ಕೊಲೆಸ್ಟ್ರಾಲ್ ಹೆಚ್ಚಿದ್ದು ಥೈರಾಯ್ಡ್ ಪರೀಕ್ಷೆ ಆಗಿರದಿದ್ದರೆ, ಮುಂದಿನ ಸಲ ವೈದ್ಯರ ಬಳಿ ಅದನ್ನು ಕೇಳಲು ಅವರಿಗೆ ನೆನಪು ಮಾಡಿ.