ಕರಿಯನಿಗೆ ಈಗ 72

ಮಕ್ಕಳೇ, ನಮ್ಮ ಬೇಗಾರಿನಲ್ಲಿ ಮಳೆ ಹಿಡಿಯಿತೆಂದರೆ ಬಚ್ಚಲೊಲೆಯ ಪಕ್ಕದ ಜಾಗಕ್ಕೆ ಭಾರೀ ಪೈಪೋಟಿ. ಒದ್ದೆ ಬಟ್ಟೆ ಒಣಗಬೇಕಾದದ್ದು ಅಲ್ಲೇ, ನನ್ನ ಮಂಡಿಗೆ ಬಿಸಿ ತಾಗಬೇಕಾದದ್ದೂ ಅಲ್ಲೇ. ಈ ವರ್ಷ ಆ ಜಾಗವನ್ನು ನಮ್ಮ ಬೆಕ್ಕು ಕರಿಯ ಹಿಡಿದುಬಿಟ್ಟಿದ್ದಾನೆ.

ಮೊದಲೆಲ್ಲ ಅವನ ಹಾಸಿಗೆ ಅಟ್ಟದ ಮೇಲಿನ ಅಡಿಕೆ ಚೀಲ. ಎರಡೇ ನೆಗೆತಕ್ಕೆ ಮೇಲೆ! ಈಗ ಅಟ್ಟದತ್ತ ಒಮ್ಮೆ ಕತ್ತೆತ್ತಿ ನೋಡಿ ಸುಮ್ಮನೆ ತಿರುಗಿ ಬರುತ್ತಾನೆ. ಬೆನ್ನ ಮೇಲಿನ ಕೂದಲು ಗಂಟುಗಂಟು. "ಸೋಮಾರಿ" ಎಂದು ನಾನೂ ಬೈದೆ.

"ಅಜ್ಜೀ, ಅವನಿಗೂ ನಿನ್ನ ಹಾಗೆ ಮಂಡಿ ನೋವಿರಬಹುದು" ಎಂದಳು ಮೊಮ್ಮಗಳು. ಎಂದವಳೇ ನನ್ನ ಡಬ್ಬಿಯಿಂದ ಪ್ಯಾರಾಸಿಟಮಾಲ್ ತೆಗೆದು, ಅರ್ಧ ಮುರಿದು ಹಾಲಿಗೆ ಹಾಕಲು ಹೊರಟಳು. "ತಡಿ, ಡಾಕ್ಟರನ್ನು ಕೇಳುವ" ಎಂದು ಫೋನ್ ಮಾಡಿದೆ.

"ಕೊಡಲೇಬೇಡಿ!" ಎಂದರು ಪಶುವೈದ್ಯರು. ಆ ಮಾತ್ರೆಯನ್ನು ಅರಗಿಸುವ ಶಕ್ತಿ ಬೆಕ್ಕಿನ ಪಿತ್ತಜನಕಾಂಗಕ್ಕಿಲ್ಲವಂತೆ. ರಕ್ತ ಆಮ್ಲಜನಕ ಹೊರಲಾರದೆ, ಅರ್ಧ ಮಾತ್ರೆಯಿಂದಲೂ ಪ್ರಾಣ ಹೋಗಬಹುದಂತೆ. ನನ್ನ ಕೈಕಾಲು ತಣ್ಣಗಾಯಿತು.

ಮರುದಿನ ಕರಿಯನನ್ನು ಬುಟ್ಟಿಯಲ್ಲಿ ಕೂರಿಸಿ ಕರೆದೊಯ್ದೆವು. ಮೊಮ್ಮಗಳ ಊಹೆ ಸರಿಯಾಗಿತ್ತು, ಅದು ಸಂಧಿವಾತ. 14 ವರ್ಷದ ಬೆಕ್ಕೆಂದರೆ ಮನುಷ್ಯರ ಲೆಕ್ಕದಲ್ಲಿ ಸುಮಾರು 72. ನನ್ನದೇ ಪ್ರಾಯ! ಬೆಕ್ಕುಗಳು ದಿನಕ್ಕೆ 12ರಿಂದ 16 ಗಂಟೆ ಮಲಗುತ್ತವೆ, ಮುದಿ ಬೆಕ್ಕು ಇನ್ನೂ ಹೆಚ್ಚು. ಆದರೆ ನೋವಾದರೂ ಅವು ಕೂಗಿ ಹೇಳುವುದಿಲ್ಲ. ಹತ್ತುವುದನ್ನು ಬಿಡುತ್ತವೆ, ಮೈ ನೆಕ್ಕುವುದನ್ನು ಬಿಡುತ್ತವೆ. ನಾವೇ ಗಮನಿಸಬೇಕು.

ಡಾಕ್ಟರು ಬೆಕ್ಕಿಗೆಂದೇ ಇರುವ ಔಷಧ ಕೊಟ್ಟರು. ಉಳಿದದ್ದನ್ನು ನಾವು ಮಾಡಿದೆವು. ಒಲೆಯಿಂದ ಕಿಡಿ ಹಾರದಷ್ಟು ದೂರದಲ್ಲಿ ಗೋಣಿ ಮಡಚಿ, ಮೇಲೆ ನನ್ನ ಹಳೇ ಹತ್ತಿ ಸೀರೆ ಹಾಸಿದೆವು. ನೀರು, ಅನ್ನ ಹತ್ತಿರದಲ್ಲೇ. ಮಳೆಯಲ್ಲಿ ಹೊರಗೆ ಹೋಗುವ ಕಷ್ಟ ಬೇಡವೆಂದು ಅಂಚು ತಗ್ಗಿರುವ ತಟ್ಟೆಯಲ್ಲಿ ಮರಳು. ಕಿಟಕಿ ಹತ್ತಲು ಕೆಳಗೊಂದು ಮಣೆ. ದಿನಾ ಸಂಜೆ ಮೊಮ್ಮಗಳು ಮೆಲ್ಲಗೆ ಬಾಚುತ್ತಾಳೆ. ಕಿವಿ ಮಂದವಾಗಿರುವುದರಿಂದ ಹಿಂದಿನಿಂದ ಹೋಗಿ ಮುಟ್ಟುವುದಿಲ್ಲ, ಬೆಚ್ಚಿಬೀಳುತ್ತಾನೆ.

ನಿಮ್ಮ ಮನೆಯ ಮುದಿ ಬೆಕ್ಕು ವಿಪರೀತ ನೀರು ಕುಡಿದರೆ, ಸೊರಗಿದರೆ, ರಾತ್ರಿಯಿಡೀ ಅರಚಿದರೆ "ವಯಸ್ಸಾಯ್ತು" ಎಂದು ಬಿಡಬೇಡಿ, ವೈದ್ಯರಿಗೆ ತೋರಿಸಿ.

ನಿನ್ನೆ ಕರಿಯ ಮಣೆ ಹತ್ತಿ ಕಿಟಕಿಯಲ್ಲಿ ಕೂತು ಮಳೆ ನೋಡಿದ. ಅಷ್ಟು ಹೊತ್ತು ಒಲೆಯ ಪಕ್ಕದ ಜಾಗ ನನಗೆ ಸಿಕ್ಕಿತು!