ಅಂಗೈಯಗಲದ ಪಂಪು, ಬೊಗಸೆ ನೀರಿನ ತೊಟ್ಟಿ

ಬಾವಿಯ ಪಂಪು, ಅದರ ಫುಟ್‌ವಾಲ್ವು, ತೋಟದ ಪೈಪುಗಳ ವಿಚಾರವಾಗಿ ಈ ಅಂಕಣದಲ್ಲಿ ನಾವು ಹಲವು ಬಾರಿ ಬರೆದಿದ್ದೇವೆ. ಈ ತಿಂಗಳು ಬರೆಯಲಿರುವುದೂ ಪಂಪಿನ ವಿಚಾರವೇ. ಆದರೆ ಇದು ಅಂಗೈಯಲ್ಲಿ ಕುಳಿತುಕೊಳ್ಳುವಂತಹ ಪಂಪು. ಇದು ನೀರುಣಿಸುವುದು ಅಡಿಕೆಮರದ ಬುಡಕ್ಕಲ್ಲ, ಗಣಕಯಂತ್ರದ ಹೊಟ್ಟೆಗೆ. ವಾಚಕರು ನಗಬಾರದು. ಮೊದಲ ಸಲ ಕೇಳಿದಾಗ ನಾವೂ ನಕ್ಕೆವು. ಆ ನಗೆಗೆ ತೆತ್ತ ಬೆಲೆಯನ್ನು ಮುಂದೆ ಹೇಳಲಿದ್ದೇವೆ.

ನಮ್ಮ ಶಾಲೆಯಲ್ಲಿ ಕಲಿತ ಹುಡುಗನೊಬ್ಬ ಈಗ ಊರಿನಲ್ಲಿಯೇ ನೆಲೆಸಿ, ಇನ್ನೂ ಕಟ್ಟದಿರುವ ಮನೆಗಳ ಚಿತ್ರಗಳನ್ನು ಗಣಕಯಂತ್ರದಲ್ಲಿ ರಚಿಸಿ ದೂರದೂರಿನ ವಾಸ್ತುಶಿಲ್ಪಿಗಳಿಗೆ ಕಳುಹಿಸುತ್ತಾನೆ. ಅದೇ ಅವನ ಜೀವನೋಪಾಯ. ಒಂದು ಚಿತ್ರ ಪೂರ್ಣಗೊಳ್ಳಲು ಯಂತ್ರವು ಕೆಲವೊಮ್ಮೆ ರಾತ್ರಿಯಿಡೀ ದುಡಿಯಬೇಕಾಗುತ್ತದೆ. ಏಪ್ರಿಲ್ ತಿಂಗಳಿನ ನಮ್ಮ ಕಾಸರಗೋಡಿನ ಸೆಕೆಯನ್ನು ವಾಚಕರಿಗೆ ವರ್ಣಿಸಬೇಕಾಗಿಲ್ಲ. ಆ ಸೆಕೆಯಲ್ಲಿ ಯಂತ್ರದೊಳಗಿನ ಫ್ಯಾನುಗಳು ಎಬ್ಬಿಸುವ ಗದ್ದಲಕ್ಕೆ ಪಕ್ಕದ ಕೋಣೆಯ ಅಜ್ಜಿಗೆ ನಿದ್ರೆಯಿಲ್ಲ. ಅಷ್ಟಾದರೂ ತಾಪ ಇಳಿಯದೆ, ಯಂತ್ರವು ತನ್ನನ್ನು ತಾನು ಕಾಪಾಡಿಕೊಳ್ಳಲು ವೇಗವನ್ನು ತಗ್ಗಿಸಿಕೊಳ್ಳುತ್ತಿತ್ತು. ಬೆಳಗ್ಗೆ ಒಪ್ಪಿಸಬೇಕಾದ ಚಿತ್ರ ಮಧ್ಯಾಹ್ನಕ್ಕೂ ಮುಗಿಯದೆ ಒಂದು ದೊಡ್ಡ ಕೆಲಸ ಕೈತಪ್ಪಿತು. ಆಗ ಹುಡುಗನು ಯಂತ್ರಕ್ಕೆ ನೀರಿನ ತಂಪನ್ನು ಕಟ್ಟುವುದೆಂದು ನಿಶ್ಚಯಿಸಿದನು.

ಇದು ತೀರ ಹೊಸ ವಿದ್ಯೆಯೇನಲ್ಲ. 1980ರಲ್ಲಿ ಪ್ರಕಟವಾದ ಐಬಿಎಂ 3081 ಎಂಬ ಬೃಹತ್ ಗಣಕಕ್ಕೆ ನೀರಿನ ತಂಪೇ ಇತ್ತು. 1985ರ ಕ್ರೇ-2 ಯಂತ್ರವನ್ನಂತೂ ಫ್ಲೋರಿನರ್ಟ್ ಎಂಬ, ವಿದ್ಯುತ್ತು ಹರಿಯದ ದ್ರವದಲ್ಲಿಯೇ ಮುಳುಗಿಸಿಟ್ಟಿದ್ದರು. ಮನೆಯ ಯಂತ್ರದಲ್ಲಿ ಏರ್ಪಾಡು ಸರಳ. ಬಿಸಿಯಾಗುವ ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಕಾರ್ಡುಗಳ ಮೇಲೆ ಒಳಗೆ ಸೂಕ್ಷ್ಮ ಸೀಳುಗಳಿರುವ ತಾಮ್ರದ ಗಟ್ಟಿಯನ್ನು ಕೂರಿಸುತ್ತಾರೆ. ಅದರೊಳಗೆ ಹರಿದ ನೀರು ಬಿಸಿಯನ್ನು ಹೊತ್ತು ರೇಡಿಯೇಟರಿಗೆ ಹೋಗುತ್ತದೆ. ಅಲ್ಲಿ ಫ್ಯಾನಿನ ಗಾಳಿಗೆ ತಣಿದು, ಒಂದು ಚಿಕ್ಕ ತೊಟ್ಟಿಗೆ ಬಂದು, ಪಂಪಿನ ಮೂಲಕ ಮತ್ತೆ ಹೊರಡುತ್ತದೆ. ಬಸ್ಸಿನ ಎಂಜಿನ್ನನ್ನು ಕಂಡವರಿಗೆ ಇದರಲ್ಲಿ ಬೆರಗಿಲ್ಲ. ಅಂಗಡಿಯವರು ಆ ತೊಟ್ಟಿಯನ್ನು ರಿಸರ್ವಾಯರ್ ಎನ್ನುತ್ತಾರೆ; ನಾವು ತೊಟ್ಟಿಯೆಂದೇ ಕರೆಯೋಣ.

ಪಂಪು ಅಂಚೆಯಲ್ಲಿ ಬಂದ ದಿನ ಹುಡುಗನು ಅದನ್ನು ನಮಗೆ ತೋರಿಸಲು ತಂದನು. ತೊಟ್ಟಿ ಇನ್ನೂ ಬಂದಿರಲಿಲ್ಲ. "ತಿರುಗುತ್ತದೆಯೋ ಇಲ್ಲವೋ ಒಮ್ಮೆ ನೋಡಿಬಿಡೋಣ" ಎಂದವರು ನಾವೇ. ಶಾಲೆಯ ಪ್ರಯೋಗಕ್ಕೆಂದು ಇಟ್ಟಿದ್ದ 12 ವೋಲ್ಟಿನ ಬ್ಯಾಟರಿಗೆ ತಂತಿ ಮುಟ್ಟಿಸಿದೆವು. ತಿರುಗಿತು. ಮಕ್ಕಳು ಸುತ್ತ ನೆರೆದರು, ನಾವು ಪಂಪಿನ ತತ್ತ್ವವನ್ನು ವಿವರಿಸತೊಡಗಿದೆವು, ಪಾಠ ಉದ್ದವಾಯಿತು. ಕೊನೆಗೆ ಕಿರ್ರೆಂಬ ಸದ್ದು ಕೇಳಿದಾಗಲೇ ನಮಗೆ ಎಚ್ಚರ. ಅನಂತರ ನೀರು ತುಂಬಿಸಿ ಓಡಿಸಿದರೂ ಆ ಸದ್ದು ಹೋಗಲಿಲ್ಲ, ನೀರಿನ ಓಟಕ್ಕೂ ಬಲವಿರಲಿಲ್ಲ. ಅದು ಆ ಹುಡುಗನ ಅರ್ಧ ತಿಂಗಳ ದುಡಿಮೆ. "ಪರವಾಗಿಲ್ಲ ಮಾಷ್ಟ್ರೇ" ಎಂದು ಅವನು ತಲೆ ತಗ್ಗಿಸಿ ಹೊರಟುಹೋದನು. ಮಕ್ಕಳ ಮುಂದೆ ಮಾಡುವ ಪ್ರಯೋಗವನ್ನು ಮೊದಲು ಒಬ್ಬನೇ ಮಾಡಿ ನೋಡಿರಬೇಕೆಂದು ಅಧ್ಯಾಪಕರ ತರಬೇತಿಯಲ್ಲಿ ನಮಗೆ ಕಲಿಸಿದ್ದರು. ಮೂವತ್ತು ವರ್ಷ ಕಳೆದ ಮೇಲೆ ಅದನ್ನು ಮರೆತೆವು.

ಈ ಪಂಪುಗಳ ರಚನೆಯನ್ನು ಅರಿತರೆ ಹಾಗೇಕಾಯಿತೆಂಬುದು ತಿಳಿಯುತ್ತದೆ. ಅಂಗಡಿಗಳಲ್ಲಿ ಮುಖ್ಯವಾಗಿ ಎರಡು ಜಾತಿಗಳು ಸಿಗುತ್ತವೆ: ಡಿ5 ಮತ್ತು ಡಿಡಿಸಿ. ಎರಡೂ ಜರ್ಮನಿಯ ಲೈಂಗ್ ಸಂಸ್ಥೆಯ ರಚನೆಗಳು. ಡಿ5 ಪಂಪಿನಲ್ಲಿ ಮೋಟಾರಿನಿಂದ ನೀರಿನೊಳಕ್ಕೆ ಚಾಚಿದ ದಂಡವೇ ಇಲ್ಲ. ಆದುದರಿಂದ ದಂಡದ ಸುತ್ತ ನೀರು ಸೋರುವ ಭಯವೂ ಇಲ್ಲ. ತಿರುಗುವ ಭಾಗವು ಗುಂಡಗಿನ ಒಂದೇ ಒಂದು ಸಿರಾಮಿಕ್ ಗೋಲಿಯ ಮೇಲೆ ಬುಗುರಿಯಂತೆ ಕುಳಿತಿರುತ್ತದೆ. ಲೋಹದ ಬಟ್ಟಲಿನ ಆಚೆ ಇರುವ ತಂತಿಸುರುಳಿಗಳ ಕಾಂತಶಕ್ತಿ ಅದನ್ನು ತಿರುಗಿಸುತ್ತದೆ. ಗೋಲಿಗೆ ಎಣ್ಣೆ ಗ್ರೀಸುಗಳಿಲ್ಲ. ಹರಿಯುವ ನೀರೇ ಅದರ ಎಣ್ಣೆ, ನೀರೇ ಅದರ ತಂಪು. ನೀರಿಲ್ಲದೆ ತಿರುಗಿಸಿದರೆ ಆ ಆಸನವೇ ಸವೆದು ಹೋಗುತ್ತದೆ. ಬೇಸಿಗೆಯಲ್ಲಿ ಬಾವಿ ಬತ್ತಿದುದನ್ನು ಗಮನಿಸದೆ ಮೋಟಾರು ಸುಟ್ಟುಕೊಂಡ ಕೃಷಿಕರಿಗೆ ನಾವು ಎಷ್ಟು ಬುದ್ಧಿ ಹೇಳಿಲ್ಲ!

ಎರಡನೆಯ ಪಂಪಿಗೆ ಅರ್ಧ ಹಣವನ್ನು ನಾವೇ ಕೊಡುವುದೆಂದು ಒಪ್ಪಿಸಿದೆವು. ಈ ಸಲ ಓದಿಕೊಂಡು ಆರಿಸಬೇಕೆಂಬ ಹಟ ನಮಗೆ ಬಂದಿತ್ತು.

ಪಂಪಿನ ಡಬ್ಬಿಯ ಮೇಲೆ ಎರಡು ಸಂಖ್ಯೆಗಳಿರುತ್ತವೆ. ಡಿ5ಕ್ಕೆ ಗಂಟೆಗೆ ಸುಮಾರು 1500 ಲೀಟರ್ ನೀರು, ಸುಮಾರು 4 ಮೀಟರ್ ಎತ್ತುಗೆ ಎಂದು ಬರೆದಿರುತ್ತಾರೆ. ಎರಡನ್ನೂ ಒಟ್ಟಿಗೆ ಓದಿ ಹಿಗ್ಗಬಾರದು. ಎದುರಿಗೆ ಯಾವ ಅಡ್ಡಿಯೂ ಇಲ್ಲದಿದ್ದರೆ 1500 ಲೀಟರ್. ಬಾಯಿ ಮುಚ್ಚಿ ನೀರು ಹರಿಯದೇ ನಿಂತಾಗ 4 ಮೀಟರ್. ನಿಜವಾದ ಓಟ ಇವೆರಡರ ನಡುವೆ ಎಲ್ಲೋ ಇರುತ್ತದೆ. ತೋಟದ ಪಂಪು ಕೊಳ್ಳುವಾಗಲೂ ಅಂಗಡಿಯವರ ಪಟ್ಟಿಯಲ್ಲಿ ಎತ್ತರ ಹೆಚ್ಚಿದಂತೆ ನೀರು ಕಡಿಮೆಯಾಗುವುದನ್ನು ನಾವು ಕಂಡಿದ್ದೇವಲ್ಲ, ಅದೇ ಲೆಕ್ಕ. ತಾಮ್ರದ ಗಟ್ಟಿಗಳ ಸೂಕ್ಷ್ಮ ಸೀಳುಗಳು, ರೇಡಿಯೇಟರು, ಕೊಳವೆಯ ತಿರುವುಗಳು ಎಲ್ಲ ಸೇರಿ ಅಡ್ಡಿ ಮಾಡುವುದರಿಂದ ಮನೆಯ ಯಂತ್ರದಲ್ಲಿ ನಿಮಿಷಕ್ಕೆ 4 ಲೀಟರ್ ಹರಿದರೆ ಅದು ಒಳ್ಳೆಯ ಓಟ. ಗಂಟೆಗೆ 240 ಲೀಟರ್ ಮಾತ್ರ!

ಅಷ್ಟು ಸಾಕೇ? ಹುಡುಗನ ಯಂತ್ರ ಪೂರ್ಣ ದುಡಿಯುವಾಗ ಹೊರಬೀಳುವ ಬಿಸಿ ಸುಮಾರು 500 ವ್ಯಾಟ್. ಒಂದು ಕಿಲೋ ನೀರನ್ನು ಒಂದು ಡಿಗ್ರಿ ಬಿಸಿಮಾಡಲು ಸುಮಾರು 4186 ಜೂಲ್ ಬೇಕೆಂಬುದು ಪಠ್ಯಪುಸ್ತಕದ ಮಾತು. ಆ ಪ್ರಕಾರ, ನಿಮಿಷಕ್ಕೆ 4 ಲೀಟರ್ ಹರಿದರೆ, ಇಡೀ ಸುತ್ತಿನಲ್ಲಿ ನೀರಿನ ತಾಪ ಏರುವುದು 1.8 ಡಿಗ್ರಿ. ಹೆಚ್ಚು ಬೆಲೆ ತೆತ್ತು ಓಟವನ್ನು ಇಮ್ಮಡಿ ಮಾಡಿದರೆ ಏರಿಕೆ 0.9 ಡಿಗ್ರಿ. ಲಾಭವೆಂದರೆ ಒಂದು ಡಿಗ್ರಿಯ ಆಸುಪಾಸು! ಪಂಪು ನೀರನ್ನು ತಣಿಸುವುದಿಲ್ಲ, ಬರಿದೇ ಹೊತ್ತೊಯ್ಯುತ್ತದೆ. ತಣಿಸುವುದು ರೇಡಿಯೇಟರು ಮತ್ತು ಫ್ಯಾನು. ಅವೂ ಕೋಣೆಯ ಗಾಳಿಗಿಂತ ತಂಪು ಮಾಡಲಾರವು. ಕೋಣೆ 34 ಡಿಗ್ರಿ ಇದ್ದರೆ ನೀರು ಅದಕ್ಕಿಂತ ಮೇಲೆಯೇ. ಕೈಯಲ್ಲಿ ಹೆಚ್ಚು ಹಣವಿದ್ದರೆ ಅದನ್ನು ರೇಡಿಯೇಟರಿಗೆ ಹಾಕಬೇಕೇ ಹೊರತು ಪಂಪಿಗಲ್ಲ ಎಂಬುದು ನಮ್ಮ ಅಭಿಪ್ರಾಯ.

ಡಿಡಿಸಿಯ ಕತೆ ಬೇರೆ. ಗಾತ್ರದಲ್ಲಿ ಚಿಕ್ಕದು, 18 ವ್ಯಾಟಿನ ಮಾದರಿಯ ಒತ್ತಡ ಡಿ5ಗಿಂತ ಹೆಚ್ಚು. ಅಡ್ಡಿ ಹೆಚ್ಚಿರುವಲ್ಲಿ, ಇಕ್ಕಟ್ಟಾದ ಪೆಟ್ಟಿಗೆಯಲ್ಲಿ ಅದು ಉಪಯುಕ್ತ. ಆದರೆ ಅದರ ವಿದ್ಯುತ್ ಫಲಕ ತಳದಲ್ಲಿ ಬಿಸಿಯಾಗುತ್ತದೆ. ಅಲ್ಲಿಗೆ ಗಾಳಿಯೋ ಲೋಹದ ರೆಕ್ಕೆಗಳೋ ಬೇಕು. ಸದ್ದೂ ತುಸು ತೀಕ್ಷ್ಣ. ಅಜ್ಜಿಯ ನಿದ್ರೆಯನ್ನು ಮನಸ್ಸಿನಲ್ಲಿಟ್ಟುಕೊಂಡು, ವೇಗವನ್ನು ತಗ್ಗಿಸಿ ಓಡಿಸಬಹುದಾದ ಡಿ5ನ್ನೇ ಮತ್ತೆ ಆರಿಸಿದೆವು.

ಆ ಸಂಜೆ ಹುಡುಗನ ತಂದೆ ಜಗಲಿಯಲ್ಲಿ ಕುಳಿತು ಕೇಳಿದರು: "ಅಲ್ಲ ಮಾಷ್ಟ್ರೇ, ರೇಡಿಯೇಟರು ಪೆಟ್ಟಿಗೆಯ ತಲೆಯಲ್ಲಿ, ಪಂಪು ಬುಡದಲ್ಲಿ. ನೀರು ಒಂದೂವರೆ ಅಡಿ ಏರಬೇಡವೇ? ಆ ಎತ್ತರಕ್ಕೆ ಲೆಕ್ಕ ಹಿಡಿದಿರಾ?" ಜೀವಮಾನವಿಡೀ ಗುಡ್ಡಕ್ಕೆ ನೀರೇರಿಸಿದವರ ಪ್ರಶ್ನೆ. ನಾವು ಬಾವಿಕಟ್ಟೆಯ ರಾಟೆಯನ್ನು ತೋರಿಸಿದೆವು. ಹಗ್ಗದ ಎರಡು ತುದಿಗೂ ತುಂಬಿದ ಕೊಡಗಳನ್ನು ಕಟ್ಟಿದರೆ, ಒಂದು ಇಳಿಯುತ್ತಲೇ ಇನ್ನೊಂದನ್ನು ಏರಿಸುತ್ತದೆ. ಕೈಗೆ ಬೇಕಾಗುವ ಬಲವೆಲ್ಲ ರಾಟೆಯ ಘರ್ಷಣೆಯನ್ನು ಗೆಲ್ಲಲು ಮಾತ್ರ. ಮುಚ್ಚಿದ ಸುತ್ತಿನಲ್ಲಿ ಕೆಳಗಿಳಿಯುವ ನೀರಿನ ಭಾರವು ಮೇಲೇರುವ ನೀರಿಗೆ ಹಾಗೆಯೇ ಒದಗುತ್ತದೆ. ಎತ್ತರದ ಲೆಕ್ಕ ಬರುವುದು ಮೊದಲ ಸಲ ನೀರು ತುಂಬುವಾಗ ಮಾತ್ರ. ಅವರು ರಾಟೆಯನ್ನೇ ನೋಡುತ್ತಾ ಸ್ವಲ್ಪ ಹೊತ್ತು ಕುಳಿತರು.

ಇನ್ನು ತೊಟ್ಟಿ. ದೊಡ್ಡ ತೊಟ್ಟಿಯಿದ್ದರೆ ಹೆಚ್ಚು ತಂಪು ಎಂಬುದು ಬಹು ಮಂದಿಯ ನಂಬಿಕೆ. ಹುಡುಗನೂ ಬಣ್ಣದ ದೀಪಗಳಿರುವ ಎತ್ತರದ ಗಾಜಿನಂತಹ ತೊಟ್ಟಿಯೊಂದಕ್ಕೆ ಮನಸೋತಿದ್ದನು. ಲೆಕ್ಕ ಹಾಕಿ ನೋಡಿದೆವು. ಸುತ್ತಿನಲ್ಲಿ ಒಂದು ಲೀಟರ್ ನೀರಿದ್ದು ರೇಡಿಯೇಟರು ಏನೂ ತಣಿಸದಿದ್ದರೆ, 500 ವ್ಯಾಟ್ ಬಿಸಿಗೆ ನೀರು 10 ಡಿಗ್ರಿ ಏರಲು ಸುಮಾರು ಒಂದೂವರೆ ನಿಮಿಷ ಸಾಕು. ಎರಡು ಲೀಟರ್ ಇದ್ದರೆ ಮೂರು ನಿಮಿಷಕ್ಕೆ ಸ್ವಲ್ಪ ಕಡಿಮೆ. ರಾತ್ರಿಯಿಡೀ ನಡೆಯುವ ಕೆಲಸದಲ್ಲಿ ಆ ಒಂದೂವರೆ ನಿಮಿಷದ ವಿಳಂಬಕ್ಕೆ ಏನು ಬೆಲೆ? ಕೊನೆಗೆ ನಿಲ್ಲುವ ತಾಪ ಎರಡರಲ್ಲಿಯೂ ಒಂದೇ.

ಹಾಗಾದರೆ ತೊಟ್ಟಿ ಏತಕ್ಕೆ? ಗಾಳಿಯನ್ನು ಹೊರದೂಡಲು. ಸುರಂಗದ ನೀರನ್ನು ಬಲ್ಲ ನಮ್ಮವರಿಗೆ ಇದು ಬೇಗ ಅರ್ಥವಾಗುತ್ತದೆ. ಸುರಂಗದಿಂದ ಹರಿದುಬಂದ ನೀರು ಮಣ್ಣಿನ ತೊಟ್ಟಿಯಲ್ಲಿ ನಿಂತಾಗ ಕೆಸರು ತಳಕ್ಕಿಳಿದು ತಿಳಿಯಾಗುವುದಿಲ್ಲವೇ? ಇಲ್ಲಿ ಇಳಿಯುವುದರ ಬದಲು ಏರುವುದು. ಕೆಸರಿನ ಬದಲು ಗುಳ್ಳೆ. 10 ಮಿಲಿಮೀಟರ್ ಒಳವ್ಯಾಸದ ಕೊಳವೆಯಲ್ಲಿ ನಿಮಿಷಕ್ಕೆ 4 ಲೀಟರ್ ಹರಿದರೆ ನೀರಿನ ವೇಗ ಸೆಕೆಂಡಿಗೆ 85 ಸೆಂಟಿಮೀಟರ್. ಗುಳ್ಳೆ ಅದರೊಡನೆ ಕೊಚ್ಚಿಕೊಂಡು ಹೋಗುತ್ತದೆ. ಅದೇ ನೀರು 6 ಸೆಂಟಿಮೀಟರ್ ಅಗಲದ ತೊಟ್ಟಿಗೆ ಬಂದಾಗ ವೇಗ ಎರಡೂವರೆ ಸೆಂಟಿಮೀಟರಿಗೂ ಕಡಿಮೆಯಾಗುತ್ತದೆ. ಗುಳ್ಳೆಗೆ ಮೇಲೇರಲು ಬಿಡುವು ಸಿಗುತ್ತದೆ. ಆದುದರಿಂದ ಮರಳಿ ಬರುವ ಕೊಳವೆಯ ಬಾಯಿ ನೀರಿನ ಮಟ್ಟದ ಕೆಳಗಿರಬೇಕು. ಮೇಲಿನಿಂದ ಧುಮುಕಿದರೆ ನೊರೆಯೆದ್ದು ಗಾಳಿ ಮತ್ತೆ ಒಳಸೇರುತ್ತದೆ. ಕೊಳವೆಯ ಮೈಯಿಂದ ತಿಂಗಳಾನುಗಟ್ಟಲೆ ಆವಿಯಾಗುವ ನೀರಿನ ಕೊರತೆಯನ್ನು ತುಂಬಿಕೊಡುವುದೂ ತೊಟ್ಟಿಯೇ.

ತೊಟ್ಟಿಯ ತಳ ಯಾವಾಗಲೂ ಪಂಪಿನ ಬಾಯಿಗಿಂತ ಮೇಲಿರಬೇಕು. ಈ ಪಂಪುಗಳಿಗೆ ನೀರನ್ನು ಹೀರಿ ಎಳೆದುಕೊಳ್ಳುವ ಶಕ್ತಿಯಿಲ್ಲ. ನೀರು ತಾನಾಗಿ ಬಂದು ಬಾಯಿಗೆ ಬೀಳಬೇಕು. ಪಂಪು ತೊಟ್ಟಿಯ ತಳಕ್ಕೇ ಜೋಡಣೆಯಾಗಿ ಬರುವ ಮಾದರಿಗಳಲ್ಲಿ ಈ ಚಿಂತೆಯಿಲ್ಲ. ನಡುವಿನ ಒಂದು ಕೊಳವೆ, ಎರಡು ಕೀಲುಗಳೂ ಉಳಿಯುತ್ತವೆ. ಕೀಲು ಕಡಿಮೆಯಾದಷ್ಟು ಸೋರಿಕೆಯ ಭಯವೂ ಕಡಿಮೆ. ಹುಡುಗನು ದಪ್ಪ ಕಾಗದವನ್ನು ಸುರುಳಿ ಸುತ್ತಿ ತೊಟ್ಟಿಯ ಅಳತೆಗೆ ಕತ್ತರಿಸಿ ಪೆಟ್ಟಿಗೆಯೊಳಗೆ ನಿಲ್ಲಿಸಿ ನೋಡಿದನು. ಅವನು ಮೆಚ್ಚಿದ್ದ ಎತ್ತರದ ತೊಟ್ಟಿ ಗ್ರಾಫಿಕ್ಸ್ ಕಾರ್ಡಿಗೆ ತಾಗುತ್ತಿತ್ತು. ಕಾಲು ಲೀಟರಿನ ಜೋಡಿ ಮಾದರಿಗೆ ಒಪ್ಪಿದನು.

ಜೋಡಣೆಯ ದಿನ ಊರಿನ ಪ್ಲಂಬರನೂ ಕುತೂಹಲದಿಂದ ಬಂದಿದ್ದನು. ಕೀಲುಗಳಿಗೆ ಬಿಳಿ ಟೇಪು ಸುತ್ತಲು ಹೊರಟವನನ್ನು ತಡೆಯಬೇಕಾಯಿತು. ಇಲ್ಲಿ ನೀರು ತಡೆಯುವುದು ರಬ್ಬರಿನ ಉಂಗುರ, ಮರೆಯಲ್ಲ. ಕೈಯಿಂದ ಬಿಗಿಸಿದರೆ ಸಾಕು, ಪಾನೆ ಹಾಕಿ ತಿರುವಿದರೆ ಅಕ್ರಿಲಿಕ್ ತೊಟ್ಟಿ ಬಿರಿಯುತ್ತದೆ. ಸ್ಪಿರಿಟಿನಿಂದ ಒರಸಿದರೂ ಅಕ್ರಿಲಿಕ್ಕಿನಲ್ಲಿ ಬಿರುಕು ಮೂಡುವುದುಂಟು. "ಸುರಂಗದ ಅಮೃತದಂತಹ ನೀರಿರುವಾಗ ಪೇಟೆಯ ನೀರು ಯಾಕೆ ಮಗಾ?" ಎಂದು ಅಜ್ಜಿ ಕೇಳಿದರು. ಕುಡಿಯಲು ಅಮೃತವೇ ಸರಿ. ಆದರೆ ಅದರಲ್ಲಿರುವ ಲವಣಗಳು ತಾಮ್ರದ ಸೀಳುಗಳಿಗೆ ಆಗಿಬರುವುದಿಲ್ಲ. ಆಸವಿತ ನೀರಿಗೆ ತುಕ್ಕು ಮತ್ತು ಪಾಚಿಗಳನ್ನು ತಡೆಯುವ ಔಷಧವನ್ನು ಸೇರಿಸಿದೆವು. ತಾಮ್ರದ ಸುತ್ತಿನಲ್ಲಿ ಅಲ್ಯುಮಿನಿಯಂ ರೇಡಿಯೇಟರ್ ಬೆರೆಸಬಾರದೆಂಬುದನ್ನೂ ಹೇಳಿಬಿಡುತ್ತೇವೆ. ಎರಡು ಲೋಹಗಳು ಒಂದೇ ನೀರಿನಲ್ಲಿ ಕೂಡಿದರೆ ಅಲ್ಯುಮಿನಿಯಂ ಕೊರೆದುಹೋಗುತ್ತದೆ.

ಗಣಕಕ್ಕೆ ವಿದ್ಯುತ್ತು ಕೊಡದೆ, ಪಂಪಿಗೆ ಮಾತ್ರ ಕೊಟ್ಟೆವು. ತೊಟ್ಟಿ ತುಂಬಿಸುವುದು, ಕೆಲವು ಸೆಕೆಂಡು ಓಡಿಸುವುದು, ಮಟ್ಟ ಇಳಿದೊಡನೆ ನಿಲ್ಲಿಸಿ ಮತ್ತೆ ತುಂಬಿಸುವುದು. ಸ್ವಿಚ್ಚಿನ ಮೇಲೆ ಹುಡುಗನ ಕೈ. ನಮ್ಮನ್ನು ಅವನು ಹತ್ತಿರ ಬಿಡಲಿಲ್ಲ, ಅದು ನ್ಯಾಯವೇ. ಪ್ರತಿ ಕೀಲಿನ ಕೆಳಗೂ ಒಣ ಕಾಗದವಿಟ್ಟು ಒಂದು ದಿನ ಪೂರ್ತಿ ಪಂಪನ್ನು ಓಡಿಸಿದೆವು. ಮರುದಿನ ಒಂದು ಕಾಗದ ಒದ್ದೆಯಾಗಿತ್ತು. ಉಂಗುರವೊಂದು ಓರೆಯಾಗಿ ಕುಳಿತಿತ್ತು. ಸರಿಪಡಿಸಿ ಇನ್ನೊಂದು ದಿನ ಕಾದೆವು. ಪಂಪಿನ ವೇಗ ತಿಳಿಸುವ ತಂತಿಯನ್ನು ಗಣಕದ ಫ್ಯಾನಿನ ಸ್ಥಾನಕ್ಕೆ ಜೋಡಿಸಿದ್ದಾಯಿತು. ಪಂಪು ನಿಂತರೆ ಯಂತ್ರಕ್ಕೆ ಒಡನೆ ತಿಳಿಯಬೇಕಲ್ಲ.

ಇಷ್ಟೆಲ್ಲ ಓದಿ ನಿಮ್ಮ ಮಕ್ಕಳು ನೀರಿನ ತಂಪು ಬೇಕೆಂದು ಹಟ ಹಿಡಿದರೆ, ಪತ್ರ ಬರೆದು ಲೆಕ್ಕ ನೋಡುವವರ ಮನೆಗಳಿಗೆ ಇದು ಅನಗತ್ಯವೆಂದು ನಮ್ಮ ಹೆಸರಿನಲ್ಲಿ ಹೇಳಿಬಿಡಿ. ಒಳ್ಳೆಯದೊಂದು ಫ್ಯಾನು ಸಾಕು.

ಹುಡುಗನ ಯಂತ್ರ ಆ ವಾರದ ಒಂದು ರಾತ್ರಿ ಎಂಟು ಗಂಟೆಗಳ ಕಾಲ ನಿಲ್ಲದೆ ದುಡಿಯಿತು. ಬೆಳಗ್ಗೆ ನೀರಿನ ತಾಪ 43 ಡಿಗ್ರಿ, ಚಿತ್ರ ಸಿದ್ಧ. ಅಜ್ಜಿ ಮಲಗಿದ್ದರು. ಕೆಟ್ಟ ಪಂಪನ್ನು ಹುಡುಗನು ಶಾಲೆಗೇ ಕೊಟ್ಟಿದ್ದಾನೆ; ಬಿಚ್ಚಿ ಕಪಾಟಿನಲ್ಲಿಟ್ಟಿದ್ದೇವೆ. ಏಳನೆಯ ತರಗತಿಯ ಮಕ್ಕಳು ಆ ಬಿಳಿಯ ಗೋಲಿಯನ್ನು ಬೆರಳಿನಿಂದ ಮುಟ್ಟಿ, ಇದನ್ನು ಹಾಳುಮಾಡಿದವರು ಯಾರೆಂದು ಕೇಳುತ್ತಾರೆ.