ದಡದಲ್ಲಿ ನಿಂತು ಓದುವವರು

ಹೋದ ತಿಂಗಳು ಒಂದು ವಿಚಾರಸಂಕಿರಣದಲ್ಲಿ ‘ಚೋಮನ ದುಡಿ’ ಬಗ್ಗೆ ಪ್ರಬಂಧ ಓದಿದೆ. ಚರ್ಚೆಯ ಹೊತ್ತಿಗೆ ಹಿರಿಯರೊಬ್ಬರು ಎದ್ದು, “ನೀವು ಕಾದಂಬರಿಯೊಳಗೆ ಮುಳುಗಿಬಿಟ್ಟಿದ್ದೀರಮ್ಮ, ಸಂಶೋಧಕರಿಗೆ ಒಂದು ಅಂತರ ಇರಬೇಕು” ಅಂದರು. ಸಭೆ ತಲೆಯಾಡಿಸಿತು. ನಾನೂ ಮರ್ಯಾದೆಗೆ ತಲೆಯಾಡಿಸಿ ಕೂತೆ. ಅಲ್ಲಿ ಹೇಳದ್ದನ್ನು ಇಲ್ಲಿ ಹೇಳುತ್ತೇನೆ: ಮುಳುಗದವರು ಆ ಕಾದಂಬರಿಯನ್ನು ಓದಿಯೇ ಇಲ್ಲ.

ನಮ್ಮ ವಿಭಾಗಗಳಲ್ಲಿ ಓದು ನಡೆಯುವ ಕ್ರಮ ನೋಡಿ. ಮೊದಲು ಸೈದ್ಧಾಂತಿಕ ಚೌಕಟ್ಟು, ಆಮೇಲೆ ಪಠ್ಯ. ಪುಸ್ತಕ ತೆರೆಯುವ ಮೊದಲೇ ಚೋಮ ‘ದಮನಿತ’ ಆಗಿರುತ್ತಾನೆ. ಉಳಿದದ್ದು ಅದಕ್ಕೆ ಉದ್ಧರಣೆ ಹೆಕ್ಕುವ ಕೆಲಸ. ಒಂದು ರಾತ್ರಿಯಲ್ಲಿ ಮುಗಿಸಬಹುದಾದ ಈ ಪುಟ್ಟ ಕಾದಂಬರಿಯನ್ನು ಪೂರ್ತಿ ಓದದೆಯೇ ಇಪ್ಪತ್ತು ಪುಟ ಬರೆದವರನ್ನು ನಾನು ಬಲ್ಲೆ.

ಶಿವರಾಮ ಕಾರಂತರ ಈ ಕಾದಂಬರಿ ಬಂದದ್ದು 1933ರಲ್ಲಿ. ಚೋಮನಿಗೆ ಬೇಕಿರುವುದು ಬೇಸಾಯಕ್ಕೆ ಒಂದು ತುಂಡು ನೆಲ. ಜೋಡಿ ಎತ್ತುಗಳಿವೆ, ಉಳಲು ಗದ್ದೆಯಿಲ್ಲ. ಅವನ ಜಾತಿಯವರು ಬೇಸಾಯಗಾರರಾಗುವಂತಿಲ್ಲ. ಇಷ್ಟನ್ನು ಸಾರಾಂಶದಲ್ಲೂ ಹೇಳಬಹುದು. ಸಾರಾಂಶದಲ್ಲಿ ಸಿಗದ್ದು ಆ ಕಾಯುವಿಕೆ. ಪುಟ ತಿರುವುತ್ತ ತಿರುವುತ್ತ ನಾವೂ ಆ ನೆಲಕ್ಕೆ ಆಸೆಪಡತೊಡಗುತ್ತೇವೆ. ಧಣಿ ಸಂಕಪ್ಪಯ್ಯ ಕೆಟ್ಟವನಲ್ಲ. ಅವನ ಮನಸ್ಸು ಒಂದಿಷ್ಟು ಕರಗಿದಾಗ, ಇನ್ನೇನು ಕೊಟ್ಟೇಬಿಡುತ್ತಾನೆ ಅನಿಸುತ್ತದೆ. ತಾಯಿ ಅಡ್ಡ ಬರುತ್ತಾಳೆ, ಅಲ್ಲಿಗೆ ಮುಗಿಯಿತು. ಮೊದಲ ಸಲ ಓದಿದಾಗ ಆ ಮುದುಕಿಯ ಮೇಲೆ ಎಂಥಾ ಸಿಟ್ಟು ಬಂದಿತ್ತು! ಮಾರನೆಯ ದಿನ ನಾಚಿಕೆಯಾಯಿತು. ಅಷ್ಟು ಹೊತ್ತು ನಾನು ನಂಬಿ ಕೂತದ್ದು ಧಣಿಯ ಒಳ್ಳೆಯತನವನ್ನು. ಹೊಲ ಇರುವ ಮನೆಯಿಂದ ಬಂದವಳು ನಾನು; ನೆಲ ಚೋಮನ ಹಕ್ಕು ಎಂದು ಹೊಳೆದೇ ಇರಲಿಲ್ಲ, ದಾನ ಸಿಗಲಿ ಎಂದು ಕಾಯುತ್ತಿದ್ದೆ. ಅಂತರ ಇಟ್ಟುಕೊಂಡು ಓದುವವರಿಗೆ ಈ ಅವಮಾನ ಆಗುವುದಿಲ್ಲ. ಅವರು ಮೊದಲ ಪುಟದಿಂದಲೂ ಸರಿಯಾದ ಪಕ್ಷದಲ್ಲೇ ಇರುತ್ತಾರಲ್ಲ.

ಮೇಲ್ಜಾತಿ ಓದುಗರ ಕಣ್ಣೀರು ಅಗ್ಗ ಎಂಬ ಆಕ್ಷೇಪವಿದೆ. ಸುಳ್ಳಲ್ಲ. ಅತ್ತು, ಹಗುರಾಗಿ, ಮಲಗಿಬಿಡುವ ಓದು ಇದ್ದೇ ಇದೆ. ಆದರೆ ಅದು ಮೊಣಕಾಲುದ್ದ ನೀರಿಗೆ ಇಳಿದವರ ಓದು. ಈ ಕಾದಂಬರಿ ಹಾಗೆ ಸಲೀಸಾಗಿ ಅಳಲೂ ಬಿಡುವುದಿಲ್ಲ. ಚೋಮ ಕುಡಿಯುತ್ತಾನೆ, ಮಕ್ಕಳ ಮೇಲೆ ರೇಗುತ್ತಾನೆ. ಅನುಕಂಪಕ್ಕೆಂದೇ ತೊಳೆದಿಟ್ಟ ಪಾತ್ರವಲ್ಲ ಅವನು.

ಬೆಳ್ಳಿಯ ವಿಷಯದಲ್ಲಿ ನಾನು ತಪ್ಪಿದ್ದನ್ನೂ ಹೇಳಬೇಕು. ಚೋಮನ ಹಿಂದೆ ಹೋಗಿದ್ದ ನನಗೆ ಅವನ ಮಗಳು ಸರಿಯಾಗಿ ಕಂಡೇ ಇರಲಿಲ್ಲ. ಅಪ್ಪನ ಸಾಲ ತೀರಿಸಲು ಕಾಫಿ ತೋಟಕ್ಕೆ ದುಡಿಯಲು ಹೋದವಳು ಅವಳು, ಅಲ್ಲಿ ಮನ್ವೇಲನ ಕೈಗೆ ಸಿಕ್ಕವಳು. ಕೊನೆಗೆ ಅಪ್ಪನ ಕೋಪ ಬೀಳುವುದೂ ಅವಳ ಮೇಲೆಯೇ. ಸ್ತ್ರೀವಾದಿ ವಿಮರ್ಶೆ ಓದಿದ ಮೇಲೆಯೇ ನನ್ನ ಕಣ್ಣು ಅತ್ತ ತಿರುಗಿದ್ದು. ಹಾಗಾಗಿ ಸಿದ್ಧಾಂತ ಬೇಡ ಎನ್ನುತ್ತಿಲ್ಲ, ಅದು ಎರಡನೆಯ ಓದಿಗೆ ಬರಲಿ. ಚೋಮನನ್ನು ಅಷ್ಟು ಹಚ್ಚಿಕೊಂಡಿದ್ದರಿಂದಲೇ ಅವನ ಆ ಕೋಪ ನನಗೂ ತಾಗಿತು. ಇಲ್ಲದಿದ್ದರೆ ಅದೂ ಇನ್ನೊಂದು ಉದ್ಧರಣೆಯಾಗುತ್ತಿತ್ತು.

ಚೋಮನ ಮಗ ಹೊಳೆಯಲ್ಲಿ ಮುಳುಗುತ್ತಾನೆ. ದಡದಲ್ಲಿ ಜನ ಇದ್ದಾರೆ, ಮುಟ್ಟಿದರೆ ಮೈಲಿಗೆ ಎಂದು ಯಾರೂ ಅವನನ್ನು ಎತ್ತುವುದಿಲ್ಲ. ಸಂಕಿರಣಗಳಲ್ಲಿ ‘ಅಂತರ’ ಎಂಬ ಮಾತು ಕೇಳಿದಾಗಲೆಲ್ಲ ನನಗೆ ಆ ದಡ ನೆನಪಾಗುತ್ತದೆ. ಹೋಲಿಕೆ ಅತಿಯಾಯಿತು ಅನ್ನುವವರು ಅನ್ನಲಿ.

ಅಂದು ಓದಿದ ಪ್ರಬಂಧವನ್ನು ಪ್ರಕಟಣೆಗೆ ಕಳಿಸಿದ್ದೆ. ಈ ಹೊಳೆಯ ಭಾಗದ ಪಕ್ಕ ‘ತುಸು ಭಾವುಕ, ತೆಗೆಯಬಹುದು’ ಎಂದು ಗುರುತು ಹಾಕಿಸಿಕೊಂಡು ವಾಪಸು ಬಂದಿದೆ. ಕಾಗುಣಿತ ಮಾತ್ರ ತಿದ್ದಿ ಮತ್ತೆ ಕಳಿಸುತ್ತಿದ್ದೇನೆ.